ಟವೆಲ್ಲಿನ ಕೆಳಗಿನ ಬೆಲೆ

ಬಣ್ಣದ ಸೀಮೆಸುಣ್ಣ ಮೆತ್ತಿದ ಬೆರಳುಗಳನ್ನು ಒರೆಸಿಕೊಳ್ಳಲು ನಾನು ಬಳಸುತ್ತಿದ್ದ ಟವೆಲ್ಲನ್ನು ನೀವು ನೋಡಿದ್ದರೆ ಮೂಗು ಮುರಿಯುತ್ತಿದ್ದಿರಿ. ಅಂಚೆಲ್ಲ ಎಳೆಬಿಟ್ಟು, ನಡುವೆ ಅಲ್ಲಲ್ಲಿ ತೂತುಬಿದ್ದ ಆ ವಸ್ತ್ರ ಹುಟ್ಟುವಾಗ ಬಿಳಿಯದಾಗಿತ್ತೆಂದು ಯಾರಾದರೂ ಆಣೆಯಿಟ್ಟು ಹೇಳಿದರೆ ಮಾತ್ರ ನಂಬಬಹುದಿತ್ತು. ಸಾಂಗಲಿಯ ಪೇಟೆಯಲ್ಲಿ ಅರಿಶಿನದ ವ್ಯಾಪಾರ ಮಾಡುತ್ತಿದ್ದ ನನ್ನ ಅಪ್ಪನ ಹೆಗಲ ಮೇಲೆ ವರ್ಷಗಟ್ಟಲೆ ಕುಳಿತು ಹಳದಿಗಟ್ಟಿದ ಟವೆಲ್ಲು ಅದು. ಅಂಗಡಿಯನ್ನು ನನ್ನ ತಮ್ಮನಿಗೆ ಒಪ್ಪಿಸಿದ ಮೇಲೆ ಅಪ್ಪ ಅದನ್ನು ಗೂಟಕ್ಕೆ ನೇತುಹಾಕಿದರು. ನಾನು ಗೂಟದಿಂದ ಇಳಿಸಿ ಮಿರಜಿಗೆ ತಂದೆ. ಕೇಳಿ ತಂದೆಯೋ ಕೇಳದೆ ತಂದೆಯೋ ಎಂದು ವಿಚಾರಿಸಬೇಡಿ. ಹೆಣ್ಣುಮಕ್ಕಳು ತವರಿನಿಂದ ತಂದದ್ದನ್ನು ಕಳವು ಎನ್ನುವ ರೂಢಿ ನಮ್ಮಲ್ಲಿಲ್ಲ.

ಮಿರಜಿನ ಮರಾಠಿ ಶಾಲೆಯೊಂದರಲ್ಲಿ ನಾನು ಚಿತ್ರಕಲಾ ಶಿಕ್ಷಕಿ. ಗಣಿತದ ಮೇಷ್ಟ್ರನ್ನು ಮದುವೆಮನೆಯಲ್ಲಿ ಯಾರೂ ಹಿಡಿದು ನಿಲ್ಲಿಸಿ ಭಾಗಾಕಾರ ಮಾಡಿಸುವುದಿಲ್ಲ. ನನ್ನನ್ನು ಮಾತ್ರ ಊಟದ ಪಂಕ್ತಿಯಿಂದ ಎಬ್ಬಿಸಿ ವಧೂವರರ ಹೆಸರು ಬರೆಸುತ್ತಾರೆ. ಶಾಲೆಯಲ್ಲಿ ನನ್ನ ನಿಜವಾದ ಸಾಮ್ರಾಜ್ಯವೆಂದರೆ ಗೇಟಿನ ಒಳಗಿರುವ ದೊಡ್ಡ ಕರಿಹಲಗೆ. ಹಬ್ಬ, ಜಯಂತಿ, ಪುಣ್ಯತಿಥಿ ಏನೇ ಬರಲಿ, ಅದರ ಮೇಲೆ ಬಣ್ಣದ ಸೀಮೆಸುಣ್ಣದಿಂದ ಚಿತ್ರ ಬಿಡಿಸಿ ಸುಂದರ ಅಕ್ಷರಗಳಲ್ಲಿ ಒಂದು ನುಡಿ ಬರೆಯಬೇಕು. ಮುಂದಿನ ದಿನವಿಶೇಷ ಬಂದಾಗ ನಮ್ಮ ಶಾಲೆಯ ಜವಾನ ಸಿಪಾಯಿ ಮಾಮಾ ಒದ್ದೆ ಬಟ್ಟೆ ತಂದು ಹಿಂದಿನ ಮಹಾತ್ಮರನ್ನು ನಿರ್ವಿಕಾರವಾಗಿ ಒರೆಸಬೇಕು. ನನ್ನ ಕಲೆಯ ಆಯುಷ್ಯ ಹೆಚ್ಚೆಂದರೆ ಮಳೆಗಾಲದ ಹಪ್ಪಳದಷ್ಟು.

ಈ ಒದ್ದೆ ಬಟ್ಟೆಗೆ ಹೆದರಿಯೇ ನಾನು ಬ್ಲಾಗ್ ಆರಂಭಿಸಿದ್ದು. ಒರೆಸುವ ಮುನ್ನ ಒಂದು ಫೋಟೊ, ಅದರ ಕೆಳಗೆ ನಾಲ್ಕು ಸಾಲು. ಹಗಲೆಲ್ಲ ಮರಾಠಿಯಲ್ಲಿ ಕಲಿಸಿ, ಗದರಿಸಿ, ಗೋಗರೆದು ಸುಸ್ತಾದ ನಾಲಿಗೆಗೆ ಸಂಜೆ ಕನ್ನಡದಲ್ಲಿ ಕಾಲು ಚಾಚಿಕೊಳ್ಳುವ ಆಸೆ. ಆದ್ದರಿಂದ ಆ ಸಾಲುಗಳು ಕನ್ನಡದವು. ಸಹೋದ್ಯೋಗಿಗಳು ಚಿತ್ರ ನೋಡಿ ಹೆಬ್ಬೆರಳೆತ್ತುತ್ತಾರೆ, ಅಕ್ಷರ ನೋಡಿ ಮುಗುಳ್ನಗುತ್ತಾರೆ. ನನ್ನ ಓದುಗರನ್ನು ಒಂದು ರಿಕ್ಷಾದಲ್ಲಿ ಕೂರಿಸಬಹುದು, ಚಾಲಕನ ಪಕ್ಕ ಜಾಗವೂ ಉಳಿಯುತ್ತದೆ. ಆದರೂ ವಿಜಯಪುರದ ಗೃಹಿಣಿಯೊಬ್ಬರು, ನನ್ನ ನವಿಲು ನೋಡಿ ತಾವೂ ಒಂದನ್ನು ಬಿಡಿಸಿ, ‘ಕೋಳಿ ಆಗೇತ್ರಿ, ಬೈಬ್ಯಾಡ್ರಿ’ ಎಂದು ಕಳಿಸಿದ ದಿನ ನಾನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಆ ಸಂತೋಷಕ್ಕೆ ಯಾವ ಬಹುಮಾನವೂ ಸಾಟಿಯಲ್ಲ.

ರಿಕ್ಷಾದಲ್ಲಿರುವ ಓದುಗರಲ್ಲಿ ಒಬ್ಬರು ಹೆಸರು ಹೇಳುವುದಿಲ್ಲ. ‘ಒಬ್ಬ ಓದುಗ’ ಎಂದಷ್ಟೇ ಸಹಿ. ‘ಮಾಲ ಇನ್ನೂ ಹಸಿ ಐತಿ, ಒಣಗಬೇಕು’ ಎಂದು ಅವರ ಮೊದಲ ಪ್ರತಿಕ್ರಿಯೆ. ಇನ್ನೊಮ್ಮೆ, ‘ಹೊಳಪು ಐತಿ, ತೂಕ ಇಲ್ಲ’. ಅರಿಶಿನದ ಕೊಂಬು ಮುರಿದು ನೋಡಿದವರಲ್ಲದೆ ಗಣಪತಿಯ ಚಿತ್ರಕ್ಕೆ ಹೀಗೆ ಇನ್ನಾರು ಹೇಳಿಯಾರು? ಅಪ್ಪನ ಗುಟ್ಟು ಮೊದಲ ದಿನವೇ ಬಯಲಾಯಿತು. ಅದು ಬಯಲಾದದ್ದು ಅವರಿಗೆ ಗೊತ್ತಾಗದಂತೆ ನಾನೂ ‘ಧನ್ಯವಾದ, ಓದುಗರೇ’ ಎಂದು ಗಂಭೀರವಾಗಿ ಉತ್ತರಿಸುತ್ತ ಬಂದೆ.

ಬಣ್ಣಗಳ ಮೊದಲ ಪಾಠ ನನಗೆ ಅಪ್ಪನ ಅಂಗಡಿಯಲ್ಲೇ ಆದದ್ದು. ಹಳದಿ ಒಂದಲ್ಲ, ಹತ್ತಾರು ಬಗೆ ಎಂದು ಆ ರಾಶಿಗಳ ನಡುವೆ ಆಡುತ್ತಲೇ ತಿಳಿದೆ. ಆದರೆ ನನಗೆ ಈ ನೌಕರಿ ಸಿಕ್ಕಾಗ ಅಪ್ಪ ಹೇಳಿದ್ದು, “ಬಣ್ಣ ನಾನೂ ಮಾರತೀನಿ, ಆದ್ರ ತೂಗಿ ಮಾರತೀನಿ.” ಅವ್ವ ನಕ್ಕಳು; ನಾನೂ ನಕ್ಕೆ, ಸ್ವಲ್ಪ ಕಡಿಮೆ. ಅಂದಿನಿಂದ ನನಗೆ ಬೇಕಾಗಿದ್ದುದು ಒಂದೇ: ಅಪ್ಪ ನನ್ನ ಒಂದು ಚಿತ್ರ ನೋಡಿ ಒಮ್ಮೆ ‘ಚಲೋ ಆಗೇತಿ’ ಎನ್ನಬೇಕು. ಬ್ಲಾಗಿಗೆ ಸಾವಿರ ಕಾರಣ ಹೇಳಿಯೇನು, ಒಳಗಿನ ಕಾರಣ ಇದೇ.

ತೊಡಕೆಂದರೆ, ಕೊಳ್ಳುವವನು ಮೆಚ್ಚಿದ ಮಾಲನ್ನು ಬಾಯ್ತುಂಬ ಹೊಗಳಿದರೆ ಬೆಲೆ ಏರುತ್ತದೆ. ಅದಕ್ಕೇ ಹಳೆಯ ಪೇಟೆಯಲ್ಲಿ ಮುಖ ಗಂಟಿಕ್ಕಿಕೊಂಡು ಹತ್ತು ಹುಳುಕು ತೆಗೆಯುತ್ತ, ಟವೆಲ್ಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಒತ್ತಿ ಬೆಲೆ ಹೇಳುತ್ತಿದ್ದರು. ಎಷ್ಟು ಬೆರಳು ಒತ್ತಿದರೆಂದು ಇಬ್ಬರಿಗೆ ಮಾತ್ರ ಗೊತ್ತು, ಸುತ್ತ ನಿಂತವರಿಗೆ ಬರೀ ಬಟ್ಟೆ ಅಲ್ಲಾಡಿದ್ದು ಕಾಣುತ್ತಿತ್ತು. ಬದುಕಿಡೀ ಹಾಗೆ ವ್ಯವಹರಿಸಿದ ಮನುಷ್ಯ ಮಗಳೆದುರು ಮಾತ್ರ ಬಾಯಿ ಬಿಟ್ಟಾನೆಯೇ?

ಈಚೆಗೆ ಯಾವ ದಿನವಿಶೇಷವೂ ಇಲ್ಲದ ಒಂದು ವಾರ ಹಲಗೆ ಖಾಲಿ ಇತ್ತು. ನಾನು ಅದರ ಮೇಲೆ ಅರಿಶಿನದ ಒಂದು ದೊಡ್ಡ ರಾಶಿ ಬಿಡಿಸಿದೆ. ಅದರ ಮುಂದೆ ಟವೆಲ್ಲು ಮುಚ್ಚಿದ ಎರಡು ಕೈ. ಮುಖಗಳಿಲ್ಲ. ಬ್ಲಾಗಿನಲ್ಲಿ ಫೋಟೊ ಹಾಕಿ, ಶನಿವಾರ ಇದನ್ನು ಒರೆಸುತ್ತಾರೆ ಎಂದು ಬರೆದೆ. ‘ಒಬ್ಬ ಓದುಗ’ರ ಉತ್ತರ ಬಂತು: ‘ಫೋಟೊ ನೋಡಿ ಬೆಲಿ ಕಟ್ಟಾಕ ಬರೂದಿಲ್ಲ.’

ಶನಿವಾರ ಶಾಲೆ ಬಿಟ್ಟ ಮೇಲೆ ಮಾಮಾ ಬಕೆಟ್ಟು ಹಿಡಿದು ಬರುತ್ತಿದ್ದಾಗ ಗೇಟಿನೊಳಗೆ ಅಪ್ಪ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಬಿಳಿ ಟೊಪ್ಪಿಗೆ. ಸಾಂಗಲಿಯಿಂದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು.

“ಅಪ್ಪಾ, ಹೇಳಿದ್ರ ನಾನ ಬರ್ತಿದ್ನಲ್ಲ. ಬರ್ರಿ, ಒಳಗ ಕುಂದ್ರಿ.”

“ಕುಂದ್ರಾಕ ಬಂದಿಲ್ಲವ್ವಾ. ಮಾಲ ಕಣ್ಣಾರೆ ನೋಡಾಕ ಬಂದೇನಿ.”

ಹಲಗೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಹುಬ್ಬು ಗಂಟಿಕ್ಕಿತು. “ರಾಶಿ ಬುಡಕ್ಕ ಇಷ್ಟು ಅಗಲ ಇರೂದಿಲ್ಲ. ಹಳದಿ ಹೆಚ್ಚಾಗೇತಿ. ಟಾವೆಲ್ ಭಾಳ ಹೊಸದು ಮಾಡೀಯಲ್ಲ.” ಇಷ್ಟು ದೂರ ಬಂದೂ ಇದೇ ಮಾತೇ ಎಂದು ನನಗೆ ಕೋಪ ಬಂತು. ಅಷ್ಟರಲ್ಲಿ ಅಪ್ಪ ನನ್ನ ಹೆಗಲ ಮೇಲಿದ್ದ ಹಳೆಯ ಟವೆಲ್ಲನ್ನು ಎಳೆದುಕೊಂಡು ನನ್ನ ಬಲಗೈಯ ಮೇಲೆ ಹಾಕಿದರು. ಅದರ ಕೆಳಗೆ ತಮ್ಮ ಕೈ ತಂದು ಬೆರಳುಗಳನ್ನು ಒತ್ತಿದರು. ಮುಖ ಮಾತ್ರ ಗಂಟಿಕ್ಕಿಯೇ ಇತ್ತು. ಮಾಮಾ “ಪುಸೂ ಕಾ, ಮ್ಯಾಡಮ್?” ಎಂದು ಒರೆಸಲು ಅಪ್ಪಣೆ ಕೇಳಿದ. ಅಪ್ಪನೇ ಉತ್ತರ ಕೊಟ್ಟರು: “ಥಾಂಬಾ. ಮಾಲ ವಿಕ್ಲಾ ಗೇಲಾಯ್.” ಮಾಲು ಮಾರಿಹೋಗಿದೆ, ತಡೆಯಿರಿ ಎಂದು.

ಕರಿಹಲಗೆಯನ್ನು ಗಿರಾಕಿ ಹೇಗೆ ಹೊತ್ತೊಯ್ಯುತ್ತಾನೆಂದು ತಿಳಿಯದೆ ಮಾಮಾ ಒದ್ದೆ ಬಟ್ಟೆ ಹಿಡಿದು ನಿಂತ. ಅಪ್ಪ ಟವೆಲ್ಲನ್ನು ಮಡಿಸಿ, ರಾಶಿಯ ಬುಡದಿಂದ ತುದಿಯವರೆಗೆ ಮೆಲ್ಲಗೆ, ಒಂದು ಕಣವೂ ನೆಲಕ್ಕೆ ಬೀಳದಂತೆ ಒರೆಸಿಕೊಂಡರು. ಹಳೆಯ ಅರಿಶಿನದ ಮೇಲೆ ನನ್ನ ಹಳದಿ ಕೂತಿತು. ಅದನ್ನು ಹೆಗಲಿಗೆ ಹಾಕಿಕೊಂಡು, “ಬರ್ತೀನವ್ವಾ” ಎಂದು ಬಸ್ ನಿಲ್ದಾಣದ ಕಡೆ ಹೊರಟರು.

ಎಷ್ಟು ಬೆರಳು ಒತ್ತಿದರೆಂದು ನೀವು ಕೇಳುತ್ತೀರಿ, ಗೊತ್ತು. ಬ್ಲಾಗಿನಲ್ಲೂ ನಾನದನ್ನು ಬರೆದಿಲ್ಲ. ನೀವು ಎಷ್ಟೇ ಆಪ್ತರಾದರೂ ಈ ವ್ಯವಹಾರದಲ್ಲಿ ಮೂರನೆಯವರು. ಬಟ್ಟೆ ಅಲ್ಲಾಡಿದ್ದಷ್ಟೇ ನಿಮ್ಮ ಪಾಲಿಗೆ. ನನ್ನ ಕೈ ಒರೆಸಲು ಈಗ ಹೊಸ ವಸ್ತ್ರ ಬಂದಿದೆ, ಅದು ಇನ್ನೂ ಬಿಳಿಯಾಗಿಯೇ ಇದೆ.

ಮೊನ್ನೆ ಅವ್ವ ಫೋನು ಮಾಡಿ ಗೊಣಗಿದಳು: “ಏನ್ ಮಾಡಿ ಕಳಿಸೀಯವ್ವಾ ಆ ಟಾವೆಲ್ಲಿಗೆ? ನಿಮ್ಮಪ್ಪ ಒಗ್ಯಾಕ ಕೊಡವಲ್ರು.”