ಹುಳಕ್ಕಾಗದ ಕಷಾಯ

ಅಕ್ಕೂರಿನ ವೆಂಕಟಲಕ್ಷ್ಮಮ್ಮನ ಕಷಾಯ ಕುಡಿಯದ ಬಾಣಂತಿ ಆ ಬೀದಿಯಲ್ಲಿ ನಲವತ್ತು ವರ್ಷದಿಂದ ಇಲ್ಲ. ಒಣಶುಂಠಿ, ಮೆಣಸು, ಹಿಪ್ಪಲಿ, ಓಮ ಹುರಿದು ಕುಟ್ಟಿ, ಎಂಟು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಒಲೆ ಮುಂದಿನಿಂದ ಏಳುವವಳಲ್ಲ. ನಾಲ್ಕು ಲೋಟಕ್ಕೇ ಇಳಿಸಿ 'ಆಯ್ತು' ಎನ್ನುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

ಅಂಥವಳ ಸ್ವಂತ ಸೊಸೆ ರಾಧಾಮಣಿ ಹೆತ್ತು ಒಂಬತ್ತು ದಿನವಾದರೂ ಒಂದು ಗುಟುಕು ಕಂಡಿರಲಿಲ್ಲ. ತವರಿನಲ್ಲಿ ತಾಯಿಯಿಲ್ಲದ ಹುಡುಗಿ. ಹೊಟ್ಟೆಯುಬ್ಬರವೆಂದು ಎರಡು ತುತ್ತಿಗೇ ತಟ್ಟೆ ಸರಿಸುತ್ತಿದ್ದಳು. ಅಡ್ಡ ಬಂದದ್ದು ರೇಷ್ಮೆಹುಳ. ಅಡುಗೆಮನೆಗೆ ಅಂಟಿಕೊಂಡೇ ಹುಳದ ಮನೆ.

"ಹುಳ ಪೊರೆ ಬುಟ್ಟು ನಾಕ್ನೇ ಜ್ವರದಿಂದ ಎದ್ದವೆ ಕಣವ್ವ. ಘಾಟು ಹೊಡುದ್ರೆ ಸೊಪ್ಪು ಮುಟ್ಟಾಕಿಲ್ಲ. ಗೂಡು ಕಟ್ಟೋಗಂಟ ಒಸಿ ತಡ್ಕೊ," ಎಂದ ಮಗ ಲೋಕೇಶ್.

ಅವನ ಉಪಚಾರ ನೋಡಬೇಕು: ಹೊತ್ತು ಹೊತ್ತಿಗೆ ಹೊಸ ಸೊಪ್ಪು, ಕಿಟಕಿಗೆ ಪರದೆ, ಗೋಡೆಗೊಂದು ಥರ್ಮಾಮೀಟರು. ಹೊಸ ಅಳಿಯನಿಗೂ ಅಷ್ಟು ನಡೆಯುವುದಿಲ್ಲ.

"ಹುಳ ಮೇಯ್ತೋ ಇಲ್ವೋ ಅಂತ ದಿನಕ್ಕೆ ನಾಕ್ ಸಲ ಬಗ್ಗಿ ನೋಡ್ತೀಯ. ಎಡ್ತಿ ಉಂಡ್ಳಾ ಅಂತ ಒಂದ್ಸಲನಾರ ಕೇಳಿದ್ಯೇನ್ಲಾ?"

ಲೋಕೇಶ್ ಅವಳ ಕೈಯಿಂದ ಬೆಂಕಿಪೊಟ್ಟಣ ಕಿತ್ತು ಜೇಬಿಗೆ ಹಾಕಿಕೊಂಡ.

ಅದೊಂದನ್ನು ಅವನು ಮಾಡಬಾರದಿತ್ತು. ಸಂಜೆ ಹಾಲು ಹಾಕುವ ಹೊತ್ತಿಗೆ ವೆಂಕಟಲಕ್ಷ್ಮಮ್ಮ ಡೈರಿ ಎದುರು ಮೂರು ಕಲ್ಲು ಹೂಡಿ, ಮಡಕೆ ಇಟ್ಟು, ಯಾರದೋ ಬೀಡಿಯ ಕಿಡಿಯಲ್ಲೇ ಒಣಗರಿ ಹೊತ್ತಿಸಿದಳು.

"ಏನಕ್ಕಾ, ಇಲ್ಲೇ ಓಟ್ಲು ಮಡಗ್ಬುಟ್ಯಾ?" ಡೈರಿಯಲ್ಲಿ ಹಾಲು ಅಳೆಯುವ ಮುನಿಶಾಮಯ್ಯ ಕೆಣಕಿದ.

"ಊಂ ಕಣಪ್ಪ. ನಮ್ಮನೇಲಿ ಬಾಣಂತನ ಹುಳಕ್ಕೆ. ಮನುಸರಿಗೆ ಒಲೆ ಇಲ್ಲ," ಎಂದಳು, ಬೀದಿಯ ಕೊನೆಗೂ ಕೇಳುವಂತೆ.

ಎಂಟು ಒಂದಕ್ಕೆ ಇಳಿಯಲು ಹೊತ್ತು ಹಿಡಿಯುತ್ತದೆ. ಹಾಲು ತಂದವರೆಲ್ಲ ಕೇಳಿ, ನಕ್ಕು, ಅಲ್ಲೇ ನಿಂತರು. ಐದು ಲೋಟ ಇಂಗುವಷ್ಟರಲ್ಲಿ ಲೋಕೇಶ್ ಓಡಿಬಂದ.

"ಅವ್ವ, ಮಾನ ಕಳೀಬ್ಯಾಡ. ಮನೇಲೇ ಕಾಯ್ಸು ನಡಿ."

"ಹುಳ?"

"ಹುಳದ ಮನೆ ಕಡೀಕೆ ಟಾರ್ಪಾಲ್ ಕಟ್ತೀನಿ."

"ಒಂಬತ್ ದಿನದಿಂದ ನಿನ್ನ ಕೈಗೆ ಏನಾಗಿತ್ಲಾ?"

ಅವಳು ಏಳಲಿಲ್ಲ. ಕಷಾಯ ಪೂರ್ತಿ ಇಳಿದ ಮೇಲೆ ಕಾದ ಮಡಕೆಯನ್ನು ಅವನ ಹೆಗಲ ಟವೆಲ್ಲಿನಲ್ಲೇ ಹಿಡಿಸಿದಳು. ಘಾಟಿಗೆ ಸೀನುತ್ತ, ಊರೆಲ್ಲ ನೋಡುತ್ತಿರಲು, ಅವನೇ ಹೊತ್ತು ನಡೆದ.

ರಾಧಾಮಣಿ ಮುಖ ಕಿವುಚಿ ಲೋಟ ಬರಿದು ಮಾಡುವವರೆಗೂ ವೆಂಕಟಲಕ್ಷ್ಮಮ್ಮ ಮಗನನ್ನು ಬಾಗಿಲಲ್ಲೇ ನಿಲ್ಲಿಸಿದ್ದಳು. ಆಮೇಲೆ ಕೈ ಚಾಚಿದಳು.

"ತಗಿ, ಬೆಂಕಿಪೊಟ್ಣ."