ಒಂದೇ ಒಂದು ಹೋಳು ಉಪ್ಪಿನಕಾಯಿ

ಈಚೆಗೆ ನಾನು ಅಹಮದಾಬಾದಿನಲ್ಲಿ ಡಾಕ್ಟರೊಬ್ಬರ ಮುಂದೆ ಕೂತು ಸುಳ್ಳು ಹೇಳಿದೆ. ತಮಾಷೆ ಎಂದರೆ, ಹೇಳುವಾಗ ಅದು ಸುಳ್ಳೆಂದು ನನಗೇ ಗೊತ್ತಿರಲಿಲ್ಲ.

ಎರಡು ವಾರ ಅಂಕಣ ಕಾಣದ್ದಕ್ಕೆ ಕೆಲವರು ಕಾರ್ಡು ಬರೆದು ವಿಚಾರಿಸಿದ್ದೀರಿ. (ಒಬ್ಬರು "ಬರೆಯುವುದನ್ನು ನಿಲ್ಲಿಸಿದಿರಾ? ಸಂತೋಷ" ಎಂದಿದ್ದಾರೆ. ಕ್ಷಮಿಸಿ ಸ್ವಾಮಿ, ಇನ್ನೂ ಇದ್ದೇನೆ.) ಕಾರಣ ನನ್ನ ಹೆಂಡತಿ ಶಾಂತಾ. ಅವಳಿಗೆ ಹುಷಾರಿರಲಿಲ್ಲ.

ಶುರುವಾದದ್ದು ತಲೆ ಬಾಚುವುದರಿಂದ. ಬರೋಡಾದ ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಂದು ಬೆಳಿಗ್ಗೆ ಅವಳು ಬಾಚಣಿಗೆ ಹಿಡಿದ ಕೈಯನ್ನು ಮೇಲೆತ್ತಲಾರದೆ ಕನ್ನಡಿಯ ಮುಂದೆ ನಿಂತಿದ್ದಳು. ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯಬೇಕು. ನಾನೇನು ಮಾಡಿದೆ? "ಒಂದೀಟು ಅಡ್ಡಾಡು, ಮೈ ಹಗುರ ಆಗ್ತದ" ಎಂದು ಉಪದೇಶ ಮಾಡಿ ಆಫೀಸಿಗೆ ಹೋದೆ. ಉಪದೇಶ ಮಾಡಲು ಗಂಡಂದಿರಿಗೆ ಡಿಗ್ರಿ ಬೇಕಿಲ್ಲವಲ್ಲ!

ಕಡೆಗೆ ಅಹಮದಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ ರೋಗಕ್ಕೊಂದು ಹೆಸರು ಸಿಕ್ಕಿತು. ಪಾಲಿಮಯೋಸೈಟಿಸ್. ಸ್ನಾಯುಗಳ ಒಳಗೇ ಉರಿಯೂತ. ಸ್ಟೆರಾಯ್ಡ್ ಮಾತ್ರೆ ಬರೆದುಕೊಟ್ಟರು. ಜೊತೆಗೊಂದು ಕಟ್ಟಪ್ಪಣೆ: ಊಟದಲ್ಲಿ ಉಪ್ಪು ಕೂಡದು. ಕೈಕಾಲಿನ ರೋಗಕ್ಕೂ ಉಪ್ಪಿಗೂ ಏನು ಸಂಬಂಧ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಮನೆಗೆ ಬಂದೆವು. ಶಾಂತಾಳ ಕೈ ತಟ್ಟೆಯಿಂದ ಬಾಯಿಯವರೆಗೂ ಬರುತ್ತಿರಲಿಲ್ಲ. ಮಧ್ಯಾಹ್ನ ಪಕ್ಕದ ಮನೆಯ ಹಂಸಾಬೆನ್ ಉಪ್ಪಿಲ್ಲದ ಖಿಚಡಿ ತಂದು ತಿನ್ನಿಸುತ್ತಿದ್ದರು. ಸಂಜೆಯ ಊಟ ನನ್ನ ಪಾಲಿನದು. ಅನ್ನ ಕಲಸಿ ಬಾಯಿಗಿಡುವುದು ಇಷ್ಟು ಕಷ್ಟದ ಕೆಲಸವೇ? ಮೊದಲ ದಿನ ಅರ್ಧ ಅನ್ನ ಅವಳ ಸೆರಗಿನ ಮೇಲೇ ಬಿತ್ತು.

ಎರಡನೇ ತುತ್ತಿಗೇ ಅವಳ ಕಣ್ಣಲ್ಲಿ ನೀರು. "ಸಪ್ಪನ್ನ ಸಾರು ಹೆಂಗ ನುಂಗೂದ್ರೀ?"

ಎದ್ದು ಕಪಾಟು ತೆರೆದೆ. ವರ್ಗವಾಗಿ ಪರದೇಶಕ್ಕೆ ಬಂದ ನಮ್ಮಂಥವರ ಮನೆಯ ಕಪಾಟು ನಿಮಗೆ ಗೊತ್ತೇ ಇದೆ. ಧಾರವಾಡದಿಂದ ಯಾರೇ ಈ ಕಡೆ ಬರಲಿ, ನಮ್ಮ ಅತ್ತೆ ಅವರ ಕೈಗೊಂದು ಡಬ್ಬಿ ಹೇರಿಯೇ ಕಳಿಸುತ್ತಾರೆ. ನಿಂಬೆಕಾಯಿ ಉಪ್ಪಿನಕಾಯಿ. ಉದ್ದಿನ ಹಪ್ಪಳ. ಬಾಳಕದ ಮೆಣಸಿನಕಾಯಿ. ಒಂದು ಹೋಳು ಉಪ್ಪಿನಕಾಯಿ ಹರಿದು ಪ್ರತಿ ತುತ್ತಿನ ಜೊತೆ ಒಂದು ಚೂರು ಇಟ್ಟೆ. ಶಾಂತಾ ಪೂರ್ತಿ ಉಂಡಳು. ನಾನು ಗೆದ್ದೆ ಎಂದುಕೊಂಡೆ.

ಮೂರನೇ ವಾರ ಅವಳ ಪಾದಗಳು ಊದಿಕೊಂಡವು. ಕೋಣೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಏದುಸಿರು. "ಎದಿ ಒಂದ ಸವನ ಬಡಕೊಳ್ಳಿಕತ್ತದ್ರೀ" ಎಂದಳು. ಕೈಯಿಟ್ಟು ನೋಡಿದರೆ ನಿಜ. ಬೆಳಗಿನ ಗಾಡಿಗೆ ಮತ್ತೆ ಅಹಮದಾಬಾದು.

ಡಾಕ್ಟರು ಬಿ.ಪಿ. ನೋಡಿದರು, ಕಾರ್ಡಿಯೋಗ್ರಾಮ್ ತೆಗೆಸಿದರು, ಅವಳನ್ನು ವಾರ್ಡಿಗೆ ಸೇರಿಸಿ ನನ್ನನ್ನು ಕರೆದರು. ಅವರ ಮುಖ ಗಂಟಾಗಿತ್ತು. "ಉಪ್ಪು ಕೊಡುತ್ತಿದ್ದೀರಾ?"

"ಒಂದು ಹರಳೂ ಇಲ್ಲ, ಸರ್" ಎಂದೆ, ಎದೆಯುಬ್ಬಿಸಿ. "ಉಪ್ಪಿನ ಭರಣಿಯನ್ನೇ ಅಟ್ಟದ ಮೇಲಿಟ್ಟಿದ್ದೇನೆ. ನಾನೂ ಸಪ್ಪೆಯೇ ಉಣ್ಣುತ್ತೇನೆ."

"ನಿನ್ನೆ ಸಂಜೆ ತಟ್ಟೆಯಲ್ಲಿ ಏನೇನಿತ್ತು? ಒಂದೊಂದಾಗಿ ಹೇಳಿ."

ಹೇಳಿದೆ. ಅನ್ನ, ಸಪ್ಪೆ ಸಾರು, ಮೊಸರು. ಒಂದೇ ಒಂದು ಹೋಳು ಉಪ್ಪಿನಕಾಯಿ. ಎರಡು ಹಪ್ಪಳ (ಎಣ್ಣೆಯಲ್ಲಿ ಕರಿದದ್ದಲ್ಲ, ಸುಟ್ಟದ್ದು, ಪಥ್ಯ ನೋಡಿ!). ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ ಒಂದು.

ಡಾಕ್ಟರು ಪೆನ್ನು ಕೆಳಗಿಟ್ಟರು.

ಪ್ರಾಮಾಣಿಕವಾಗಿ ಹೇಳುತ್ತೇನೆ, ನನಗೆ ಹೊಳೆದೇ ಇರಲಿಲ್ಲ. ಉಪ್ಪು ಎಂದರೆ ಒಲೆಯ ಮುಂದೆ ನಿಂತು ನಾನು ಹಾಕುವಂಥದ್ದು. ಅತ್ತೆ ಧಾರವಾಡದಲ್ಲಿ ಕೂತು ಹಾಕಿದ್ದು ಲೆಕ್ಕಕ್ಕೆ ಬರುತ್ತದೆ ಎಂದು ಯಾರು ಹೇಳಿದ್ದರು?

ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಮೆಲ್ಲಗೆ ವಿವರಿಸಿದರು. "ಹೃದಯವೂ ಒಂದು ಸ್ನಾಯುವೇ ಅಲ್ಲವೇ? ಈ ರೋಗ ಅದನ್ನೂ ಬಿಟ್ಟಿಲ್ಲ. ಮಾತ್ರೆ ಮೈಯಲ್ಲಿ ನೀರು ನಿಲ್ಲಿಸುತ್ತದೆ, ಉಪ್ಪು ಸೇರಿದರೆ ಇನ್ನೂ ಹೆಚ್ಚು. ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ಮೊದಲೇ ಸೋತ ಹೃದಯ ಅಷ್ಟನ್ನೂ ತಳ್ಳಬೇಕು. ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಿತ್ತು."

ವಾರ್ಡಿಗೆ ಹೋಗಿ ಶಾಂತಾಳ ಮಂಚದ ಪಕ್ಕ ಕೂತೆ. ಅವಳ ಮುಖ ನೋಡಲು ಧೈರ್ಯವಿರಲಿಲ್ಲ. "ನನ್ನಿಂದ ತಪ್ಪಾತು. ಉಪ್ಪಿನಕಾಯ್ಯಾಗ ಉಪ್ಪು ಇರ್ತದಂತ ತಿಳೀಲಿಲ್ಲ ನನಗ."

"ನನಗ ತಿಳಿದಿತ್ತು" ಎಂದಳು.

ನಾನು ಬೆಚ್ಚಿಬಿದ್ದೆ. ಉಪ್ಪಿನಕಾಯಿ ಹಾಕಿ ಬೆಳೆದವಳಿಗೆ ತಿಳಿಯದೆ ಇರುತ್ತದೆಯೇ? ಮತ್ತೇಕೆ ಬೇಡ ಅನ್ನಲಿಲ್ಲ?

ಕೇಳಿಯೇಬಿಟ್ಟೆ. ಅವಳು ಹೇಳಿದಳು. "ಬ್ಯಾಡ ಅಂದ್ರ ಊಟ ಸೇರೂದಿಲ್ಲ. ಎರಡ ತುತ್ತಿಗೆ ಸಾಕಂದ್ರ ನೀವು ಎದ್ದು ಹೋಗ್ತಿದ್ರಿ. ಹನ್ನೊಂದ ವರ್ಷ ಆತು ಲಗ್ನಾಗಿ. ನೀವು ನನ್ನ ಮುಂದ ಕೂತು 'ಇನ್ನೊಂದ ತುತ್ತು' ಅಂದದ್ದು ಇದ ಮೊದಲ. ಎದಿ ಬಡಕೊಂಡ್ರ ಬಡಕೊಳ್ಳಲಿ ಅನಸ್ತು."

ನಾನು ಅತ್ತುಬಿಟ್ಟೆ. ಇಡೀ ವಾರ್ಡಿನ ಎದುರಿಗೆ, ನಾಚಿಕೆ ಬಿಟ್ಟು ಅತ್ತೆ.

ಶಾಂತಾ ಈಗ ಮನೆಯಲ್ಲಿದ್ದಾಳೆ. ಪಾದದ ಊತ ಇಳಿದಿದೆ, ಉಸಿರು ಸುಧಾರಿಸಿದೆ. ಹೃದಯದ ವಿಷಯ ಡಾಕ್ಟರು ಇನ್ನೂ ಪೂರ್ತಿ ಭರವಸೆ ಕೊಟ್ಟಿಲ್ಲ, ತಿಂಗಳಿಗೊಮ್ಮೆ ಬನ್ನಿ ಎಂದಿದ್ದಾರೆ. ಸಪ್ಪೆ ಸಾರಿಗೆ ನಿಂಬೆರಸ, ಕೊತ್ತಂಬರಿ, ಮೆಣಸು ಹಾಕುವುದನ್ನು ಹಂಸಾಬೆನ್ ಕಲಿಸಿಕೊಟ್ಟಿದ್ದಾರೆ. ಶಾಂತಾಳ ಕೈ ಈಗ ಬಾಯಿಯವರೆಗೆ ಬರುತ್ತದೆ. ಆದರೂ ಸಂಜೆಯಾದರೆ ನಾನೇ ತಟ್ಟೆ ಹಿಡಿದು ಮುಂದೆ ಕೂರುತ್ತೇನೆ, ಅವಳೂ ಬೇಡವೆನ್ನುವುದಿಲ್ಲ.

ಅಲ್ಲ, ಗಂಡಸರೇ, ಕಟ್ಟಿಕೊಂಡವಳ ಎದುರು ಕೂತು "ಉಂಡೆಯಾ?" ಎಂದು ಕೇಳಲು ಅವಳ ಹೃದಯ ಕೆಡುವವರೆಗೂ ಕಾಯಬೇಕೇ?