ಏಳು ಲಿವರಿನ ಬೀಗ

ಹಾಸ್ಟೆಲ್ ವಾರ್ಡನ್ ಆಗಿ ಸೇರಿದ ಮೊದಲ ವರ್ಷ ನಾನು ಒಡೆಸಿದ ಬೀಗಗಳಿಗೆ ಲೆಕ್ಕವಿಲ್ಲ. ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದ ಹೆಣ್ಣುಮಕ್ಕಳ ಹಾಸ್ಟೆಲ್ಲು ಅದು. ಊರಿನ ಹೆಸರು ಬೇಡ. ಮಕ್ಕಳು ಮನೆಯಿಂದ ತಗಡಿನ ಟ್ರಂಕು ತರುತ್ತಿದ್ದರು, ಟ್ರಂಕಿಗೊಂದು ಪುಟ್ಟ ಬೀಗ, ಬೀಗಕ್ಕೊಂದೇ ಕೀ. ಒಗೆಯುವ ಕಲ್ಲಿನ ಹತ್ತಿರ, ನಾಲೆಯ ದಡದಲ್ಲಿ, ಸ್ಕೂಲಿನ ಮೈದಾನದಲ್ಲಿ ಎಲ್ಲೆಂದರಲ್ಲಿ ಆ ಕೀ ಕಳೆದುಹೋಗುತ್ತಿತ್ತು. ಅಡುಗೆಯ ಸಹಾಯಕಿ ಕಲ್ಲು ಎತ್ತಿಕೊಂಡು ಬಂದು ಎರಡೇಟು ಹಾಕುತ್ತಿದ್ದಳು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಒಂದು ದಿನ ಏಳನೇ ಕ್ಲಾಸಿನ ಹುಡುಗಿಯೊಬ್ಬಳ ಟ್ರಂಕಿಗೆ ಏಟು ಬಿದ್ದಾಗ ಬೀಗದ ಜೊತೆ ಚಿಲಕವೂ ಕಿತ್ತುಬಂತು, ಮುಚ್ಚಳ ಸೊಟ್ಟಗಾಯಿತು. ಮರುದಿನ ನೋಡಿದರೆ ಅವಳು ತನ್ನ ಜಡೆಯ ಕೆಂಪು ಟೇಪು ಬಿಚ್ಚಿ ಅದರಿಂದ ಟ್ರಂಕನ್ನು ಸುತ್ತಿ ಕಟ್ಟಿದ್ದಳು. ಜಡೆಗೆ ಹಗ್ಗದ ಎಳೆ ಹಾಕಿಕೊಂಡಿದ್ದಳು. ಹೊಸ ಟೇಪು ಕೊಡಿಸಿದೆ, ಚಿಲಕ ಹೊಡೆಸಿದೆ, ಮುಚ್ಚಳ ಮಾತ್ರ ಸರಿಹೋಗಲಿಲ್ಲ.

ನಮ್ಮ ಮನೆ ಬಾಬುರಾಯನಕೊಪ್ಪಲಿನಲ್ಲಿ. ಭಾನುವಾರ ಮನೆಗೆ ಬರುವಾಗ ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಬೇಕಿತ್ತು. ಬಸ್‌ಸ್ಟ್ಯಾಂಡಿನ ಪಕ್ಕದ ರಸ್ತೆಯಲ್ಲಿ ದೊಡ್ಡ ಕಪ್ಪು ಛತ್ರಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಬೀಗ ರಿಪೇರಿ ಮಾಡುವ ವಯಸ್ಸಾದವರೊಬ್ಬರು ಕೂರುತ್ತಿದ್ದರು. ಕೆ.ಆರ್. ಪೇಟೆ ಕಡೆಯವರು. ಆ ಭಾನುವಾರ ಅವರ ಮುಂದೆ ಹೋಗಿ ನಿಂತೆ.

"ಯಜಮಾನ್ರೇ, ಕೀ ಇಲ್ಲದೆ ಬೀಗ ತೆಗೆಯೋದು ನನಗೆ ಹೇಳಿಕೊಡ್ತೀರಾ?"

ಅವರು ಅರ ಉಜ್ಜುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಯಾರ್ ಮನೆ ಬೀಗ ತೆಗೀಬೇಕವ್ವ?"

"ಮನೆದಲ್ಲ. ಹಾಸ್ಟೆಲ್ ಮಕ್ಕಳ ಟ್ರಂಕಿಂದು."

"ಅಂಗಾರೆ ಟ್ರಂಕ್ ತಕಬನ್ನಿ, ನಾನೇ ತೆಗ್ದುಕೊಡ್ತೀನಿ."

"ಪ್ರತಿಸಲ ಟ್ರಂಕ್ ಹೊತ್ಕೊಂಡು ಬಸ್ ಹತ್ತಕ್ಕಾಗುತ್ತಾ?"

"ಗಂಡಸ್ರು ಬಂದು ಕೇಳವ್ರೆ. ಒಬ್ರುಗೂ ಯೋಳ್ಕೊಟ್ಟಿಲ್ಲ. ಓಗಿ, ನಿಮ್ ಬಸ್ಸು ಬತ್ತಾದೆ."

ಮುಂದಿನ ಭಾನುವಾರವೂ ಅದೇ ಉತ್ತರ. ಮೂರನೆಯ ಭಾನುವಾರ ನಾನು ಆ ಹುಡುಗಿಯ ಜಜ್ಜಿಹೋದ ಬೀಗವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೋಗಿ ಅವರ ಗೋಣಿಚೀಲದ ಮೇಲಿಟ್ಟೆ. ಟೇಪಿನ ಕಥೆ ಹೇಳಿದೆ. ಅವರು ಬೀಗವನ್ನು ಅತ್ತಿತ್ತ ತಿರುಗಿಸಿ ನೋಡಿದರು.

"ಕಲ್ಲಾಗ್ ಒಡ್ದವ್ರಲ್ಲವ್ವ, ಎರಡ್ ನಿಮಿಷದ ಕೆಲ್ಸಕ್ಕೆ," ಎಂದರು. ಬೀಗ ಕೆಳಗಿಟ್ಟು, "ಒಂದ್ ಮಾತು. ಬೀಗ ಯಾರ್ದೋ ಅವ್ರು ಪಕ್ಕದಾಗ್ ನಿಂತಿರ್ಬೇಕು. ಇಲ್ದಿದ್ರೆ ಕೈ ಹಾಕ್ಬಾರ್ದು. ಒಪ್ಕಂಡ್ರೆ ಕೂತ್ಕಳಿ," ಎಂದು ಚೀಲದ ಮೇಲೆ ಜಾಗ ಮಾಡಿಕೊಟ್ಟರು.

ರಸ್ತೆಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು. ನಾನು ಸೀರೆ ಸರಿಮಾಡಿಕೊಂಡು ಕೂತೆ.

ಅವರ ಹತ್ತಿರ ಒಂದು ಪಕ್ಕ ಕೊಯ್ದು ತೆಗೆದ ಹಳೆಯ ಬೀಗವಿತ್ತು. ಒಳಗೆ ಹಿತ್ತಾಳೆಯ ತೆಳು ಪಟ್ಟಿಗಳು ಒಂದರ ಮೇಲೊಂದು ಜೋಡಿಸಿಟ್ಟಂತಿದ್ದವು. ಅವೇ ಲಿವರುಗಳು. ಕೀ ಹಾಕಿದಾಗ ಅದರ ಹಲ್ಲು ಒಂದೊಂದು ಲಿವರನ್ನೂ ಬೇಕಾದಷ್ಟೇ ಎತ್ತಿ ಹಿಡಿಯುತ್ತದೆ, ಆಗ ಕೊಕ್ಕೆ ಬಿಡುತ್ತದೆ. ಕೀ ಇಲ್ಲದಿದ್ದರೆ ಆ ಕೆಲಸವನ್ನು ಎರಡು ಕಡ್ಡಿ ಮಾಡಬೇಕು. ಸೈಕಲ್ ಕಡ್ಡಿಯನ್ನು ತಟ್ಟಿ ಬಗ್ಗಿಸಿ ಅವರೇ ಮಾಡಿಕೊಟ್ಟರು. ಒಂದು ಕಡ್ಡಿಯಿಂದ ಕೀ ತಿರುಗಿಸಿದ ಹಾಗೆ ಮೆಲ್ಲಗೆ ಒತ್ತಿ ಹಿಡಿದುಕೊಳ್ಳಬೇಕು, ಇನ್ನೊಂದರಿಂದ ಲಿವರುಗಳನ್ನು ಒಂದೊಂದಾಗಿ ಎತ್ತಬೇಕು. ಒತ್ತಿದ್ದು ತೀರ ಬಿಗಿಯಾದರೆ ಲಿವರು ಏಳುವುದಿಲ್ಲ, ತೀರ ಸಡಿಲವಾದರೆ ಎತ್ತಿದ್ದೆಲ್ಲ ಮತ್ತೆ ಬಿದ್ದುಹೋಗುತ್ತದೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಒಂದು ತಿಂಗಳು ಏನೂ ಆಗಲಿಲ್ಲ. ಕಡ್ಡಿ ಬಗ್ಗುತ್ತಿತ್ತು, ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತು. ನಾನು ಹಲ್ಲು ಕಚ್ಚಿ ಒತ್ತುವುದನ್ನು ನೋಡಿ ಅವರು, "ಬೀಗದ್ ಜತೆ ಯಾಕವ್ವ ಜಗಳಾಡ್ತೀರಿ? ಇರುವೆ ಇಡ್ಕಂಡಂಗೆ ಇಡ್ಕಳಿ. ಸಾಯ್ಲೂಬಾರ್ದು, ತಪ್ಪುಸ್ಕೊಂಡು ಓಗ್ಲೂಬಾರ್ದು," ಎನ್ನುತ್ತಿದ್ದರು. ಮನೆಯಲ್ಲಿ ನನ್ನ ಗಂಡ ನಕ್ಕರು. "ಈ ವಯಸ್ಸಲ್ಲಿ ಒಳ್ಳೆ ವಿದ್ಯೆ ಕಲೀತಿದ್ದೀಯ," ಅಂದರು. ಆದರೆ ಅಟ್ಟದ ಮೇಲಿಂದ ಎರಡು ಹಳೆಯ ಬೀಗ ಹುಡುಕಿ ತಂದುಕೊಟ್ಟವರೂ ಅವರೇ.

ಮೊದಲ ಬೀಗ ತೆಗೆದದ್ದು ಹಾಸ್ಟೆಲ್ಲಿನಲ್ಲಿ, ಸಂಜೆಯ ಪ್ರಾರ್ಥನೆ ಮುಗಿದ ಮೇಲೆ. ಹುಡುಗಿಯರು ಸುತ್ತ ಕೂತು ನೋಡುತ್ತಿದ್ದರು. ಮೂರು ಲಿವರಿನ ಸಣ್ಣ ಬೀಗ. ಮೊದಲ ಎರಡು ಎದ್ದವು, ಮೂರನೆಯದಕ್ಕೆ ಕಡ್ಡಿ ತಾಗಿಸುತ್ತಿದ್ದ ಹಾಗೆ ಕೈಗೆ ಏನೋ ಸಡಿಲವಾದಂತಾಯಿತು. ಟಕ್ ಎಂದು ಕೊಕ್ಕೆ ಎದ್ದು ನಿಂತಿತು. ಮಕ್ಕಳು ಹೋ ಎಂದು ಕಿರುಚಿದರು. ಅಡುಗೆಮನೆಯಿಂದ ಸಹಾಯಕಿ ಸೌಟು ಹಿಡಿದುಕೊಂಡೇ ಓಡಿಬಂದಳು. ಬಿ.ಎಡ್. ಪಾಸಾದ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ. ಅವತ್ತಿನಿಂದ ಹುಡುಗಿಯರಿಗೆ ಅದೊಂದು ಆಟವಾಯಿತು. ನಾನು ಬೀಗ ಹಿಡಿದು ಕೂತರೆ ಸಾಕು, "ಒಂದು ಎದ್ದಿತು, ಎರಡು ಎದ್ದಿತು" ಎಂದು ಎಲ್ಲರೂ ಸೇರಿ ಎಣಿಸುತ್ತಿದ್ದರು. ಆಮೇಲೆ ನಮ್ಮ ಹಾಸ್ಟೆಲ್ಲಿನಲ್ಲಿ ಟ್ರಂಕಿಗೆ ಕಲ್ಲು ಬೀಳಲಿಲ್ಲ.

ಎರಡನೆಯ ವರ್ಷದ ದಸರಾ ರಜೆಯ ಮೊದಲ ದಿನ. ಬೆಳಗಿನಿಂದಲೂ ತಂದೆ ತಾಯಂದಿರು ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು. ಮಧ್ಯಾಹ್ನ ಎರಡರ ಹೊತ್ತಿಗೆ ಹಾಸ್ಟೆಲ್ಲು ಬರಿದಾಗಿತ್ತು. ಸಹಾಯಕಿ ಕೋಣೆಗಳಿಗೆಲ್ಲ ಬೀಗ ಹಾಕಿ ನಾಗಮಂಗಲದಲ್ಲಿದ್ದ ಮಗಳ ಮನೆಗೆ ಹೊರಟುಹೋದಳು. ನಾನೂ ಚೀಲ ತುಂಬಿಕೊಳ್ಳುತ್ತಿದ್ದೆ. ಆಗ ಒಬ್ಬ ತಂದೆ ಬೆವರು ಒರೆಸಿಕೊಳ್ಳುತ್ತ ಬಂದು ನಿಂತರು.

"ಬಸ್ಸು ಸಿಗ್ನಿಲ್ಲ ಮೇಡಂ, ಲೇಟಾಗೋಯ್ತು. ಎಲ್ಲವ್ಳೆ ನಮ್ಮುಡ್ಗಿ?"

ಆರನೇ ಕ್ಲಾಸಿನ ಹುಡುಗಿ. ಬೇರೆ ಮಕ್ಕಳ ಜೊತೆ ಹೊರಟಿರಬೇಕು ಎಂದುಕೊಂಡು ನಾನು ಅವಳ ಹೆಸರಿನ ಮುಂದೆ ಗುರುತು ಹಾಕಿಬಿಟ್ಟಿದ್ದೆ. ಇಬ್ಬರೂ ಕೂಗುತ್ತ ಹಾಸ್ಟೆಲ್ಲೆಲ್ಲ ಸುತ್ತಿದೆವು. ಹಿಂದಿನ ಕೋಣೆಯ ಕಿಟಕಿಯಿಂದ ಸಣ್ಣ ದನಿ ಕೇಳಿತು. "ಮಿಸ್..."

ಅದು ಕಂಪ್ಯೂಟರ್ ಇಟ್ಟಿದ್ದ ಕೋಣೆ. ಮೈ ಬಿಸಿಯಾಗಿ ಚಳಿಯಾಗುತ್ತಿತ್ತೆಂದು ಅವಳು ಬೀರುವಿನ ಹಿಂದೆ ಚಾಪೆ ಹಾಸಿಕೊಂಡು ಮಲಗಿದ್ದಳು. ಒಳಗೆ ಯಾರೂ ಇಲ್ಲವೆಂದು ಸಹಾಯಕಿ ಬೀಗ ಹಾಕಿದ್ದಳು. ಕಿಟಕಿಯ ಸರಳುಗಳ ಸಂದಿನಿಂದ ಕೈ ಹಾಕಿ ಮುಟ್ಟಿದೆ, ಹಣೆ ಸುಡುತ್ತಿತ್ತು. ನೀರಿನ ಬಾಟಲು ಕೊಟ್ಟೆ, ಎರಡು ಗುಟುಕು ಕುಡಿದು ವಾಂತಿ ಮಾಡಿಕೊಂಡಳು.

ಸಹಾಯಕಿಗೆ ಫೋನು ಮಾಡಿದೆ. ಕೀ ಅವಳ ಚೀಲದಲ್ಲೇ ಇತ್ತು. "ಅಯ್ಯೋ ಮೇಡಂ, ಇಳ್ದುಬುಡ್ತೀನಿ, ವಾಪಸ್ ಬತ್ತೀನಿ," ಎಂದು ಬಸ್ಸಿನಲ್ಲೇ ಅಳಲು ಶುರುಮಾಡಿದಳು. ಅವಳು ಬರಲು ಕಡಿಮೆಯೆಂದರೂ ಎರಡು ಗಂಟೆ ಬೇಕು. ಇನ್ನೊಂದು ಕೀ ಹಿಂದಿನ ವರ್ಷವೇ ಕಳೆದಿತ್ತು. ಮಾಡಿಸುತ್ತೇನೆ ಎಂದು ದಿನ ದೂಡುತ್ತ ಬಂದವಳು ನಾನೇ.

ಹುಡುಗಿಯ ಅಪ್ಪ ಕಬ್ಬಿಣದ ಸರಳು, ಸುತ್ತಿಗೆ ತಂದರು. ಆದರೆ ಕಂಪ್ಯೂಟರ್ ಕಳುವಾಗಬಾರದೆಂದು ಆ ಬಾಗಿಲಿನ ಬೀಗದ ಸುತ್ತ ಕಬ್ಬಿಣದ ದಪ್ಪ ಗೂಡು ವೆಲ್ಡಿಂಗ್ ಮಾಡಿಸಿದ್ದರು. ಕೆಳಗಿನಿಂದ ಕೀ ಹಾಕುವಷ್ಟು ಮಾತ್ರ ಸಂದು. ಸರಳು ತೂರಲಿಲ್ಲ, ಸುತ್ತಿಗೆ ಬೀಗಕ್ಕೆ ತಾಗಲೇ ಇಲ್ಲ. ಬಡಿದ ಸದ್ದಿಗೆ ಒಳಗಿದ್ದ ಹುಡುಗಿ ಜೋರಾಗಿ ಅಳತೊಡಗಿದಳು. ವೆಲ್ಡಿಂಗಿನವನು ಫೋನು ಎತ್ತಲಿಲ್ಲ.

ನಾನು ಕೋಣೆಗೆ ಓಡಿ ಹೇರ್‌ಪಿನ್ನಿನ ಡಬ್ಬಿಯಲ್ಲಿಟ್ಟಿದ್ದ ಕಡ್ಡಿಗಳನ್ನು ತಂದೆ. ಅಪ್ಪ ಅವನ್ನು ನೋಡಿ, "ಇದ್ರಲ್ಲಿ ಆಯ್ತದಾ ಮೇಡಂ?" ಎಂದರು. ಅದು ಏಳು ಲಿವರಿನ ಬೀಗ. ನಾನು ಅಲ್ಲಿಯವರೆಗೆ ತೆಗೆದಿದ್ದು ಐದು ಲಿವರಿನ ಬೀಗದವರೆಗೆ. ಅವರಿಗೆ ಅದನ್ನು ಹೇಳಲಿಲ್ಲ. ಬಾಗಿಲ ಮುಂದೆ ನೆಲದ ಮೇಲೆ ಕೂತೆ. ಗೂಡಿನೊಳಗೆ ಏನೂ ಕಾಣಿಸುತ್ತಿರಲಿಲ್ಲ. ಮೊದಲ ಸಲ ಎರಡು ಎದ್ದು ಬಿದ್ದವು. ಮತ್ತೊಂದು ಸಲ ನಾಲ್ಕರವರೆಗೆ ಹೋಗಿ ಬೆವರಿಗೆ ಕಡ್ಡಿ ಜಾರಿತು. ಸೆರಗಿನಿಂದ ಕೈ ಒರೆಸಿಕೊಂಡೆ. ಅಪ್ಪ ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದರು.

ಅಳು ನಿಂತಿತು. ಬಾಗಿಲಿನ ಆಚೆಯಿಂದ ದನಿ ಬಂತು. "ಮಿಸ್, ಕಡ್ಡಿ ಹಾಕಿದ್ದೀರಾ?"

"ಹಾಕಿದ್ದೀನಿ ಮಗಾ."

"ಎಷ್ಟು ಎದ್ದಿತು?"

"ಈಗ ಒಂದು."

"ಒಂದು ಎದ್ದಿತು," ಎಂದಳು. ಬಾಗಿಲಿಗೆ ಒರಗಿ ಕೂತಿದ್ದಳೆಂದು ಕಾಣುತ್ತದೆ, ದನಿ ತೀರ ಹತ್ತಿರದಲ್ಲಿತ್ತು. ಅವಳು ಕೇಳುವುದು, ನಾನು ಹೇಳುವುದು, ಅವಳು ಎಣಿಸುವುದು. ಐದು ಎದ್ದಿತು. ಆರನೆಯದು ಮೊಂಡು. ಕಡ್ಡಿಯ ಒತ್ತಡವನ್ನು ಕೂದಲೆಳೆಯಷ್ಟು ಸಡಿಲಿಸಿದಾಗ ಅದೂ ಎದ್ದಿತು. "ಆರು ಎದ್ದಿತು," ಎಂದಳು. ಏಳನೆಯದನ್ನು ಅವಳು ಎಣಿಸುವ ಮೊದಲೇ ಬೀಗ ಬಾಯಿ ಬಿಟ್ಟಿತು.

ಅಪ್ಪ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಆಟೋ ಹಿಡಿದು ಮೂವರೂ ಪಾಂಡವಪುರದ ಆಸ್ಪತ್ರೆಗೆ ಹೋದೆವು. ಡ್ರಿಪ್ ಏರಿದ ಮೇಲೆ ಹುಡುಗಿ ನಿದ್ದೆಹೋದಳು. ಅಪ್ಪ ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ತಪ್ಪೂ ಇರಲಿಲ್ಲ. ಅವರು ನನ್ನ ಕೈಯನ್ನೇ ನೋಡುತ್ತ, "ಇದ್ನ ಯಾರ್ ಮೇಡಂ ಯೋಳ್ಕೊಟ್ಟಿದ್ದು ನಿಮ್ಗೆ?" ಎಂದರು. ಶ್ರೀರಂಗಪಟ್ಟಣದ ಛತ್ರಿಯ ಗುರುತು ಹೇಳಿದೆ. ಹೇಳುವಾಗ ನನ್ನ ದನಿ ಎಂದಿಗಿಂತ ಜೋರಾಗಿತ್ತು.

ಮೇಲಿನವರಿಗೆ ವರದಿ ಬರೆಯುವಾಗ ಮಕ್ಕಳನ್ನು ಸರಿಯಾಗಿ ಎಣಿಸದ ತಪ್ಪು, ಕೀ ಮಾಡಿಸದ ತಪ್ಪು ಎರಡೂ ನನ್ನವೇ ಎಂದು ಬರೆದೆ. ಕಾರಣ ಕೇಳಿ ನೋಟಿಸು ಬಂತು, ಉತ್ತರ ಕೊಟ್ಟೆ. ಅದರ ನಾಚಿಕೆ ಈಗಲೂ ಇದೆ. ಆದರೂ ಬೀಗ ತೆಗೆದ ಹೆಮ್ಮೆಯನ್ನು ಆ ನಾಚಿಕೆ ನುಂಗಿಹಾಕಲಿಲ್ಲ.

ಅದೆಲ್ಲ ನಡೆದ ಮುಂದಿನ ಭಾನುವಾರವೇ ಛತ್ರಿಯ ಕೆಳಗಿನ ಯಜಮಾನರಿಗೆ ಎಲ್ಲ ಹೇಳಿದ್ದೆ. ಅವರು ಅರ ಕೆಳಗಿಟ್ಟು ಎರಡು ಸಲ ಹೇಳಿಸಿಕೊಂಡರು. "ಎಷ್ಟೊತ್ತಾಯ್ತು?"

"ಅರ್ಧ ಗಂಟೆ ಆಗಿರಬೇಕು."

"ನಿಧಾನ ಆಯ್ತು," ಎಂದರು. ಆಮೇಲೆ ಪಕ್ಕದಲ್ಲಿ ಹೂವು ಕಟ್ಟುತ್ತ ಕೂತಿದ್ದ ಹೆಂಗಸಿನ ಕಡೆ ತಿರುಗಿ, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ, "ಕೇಳುದ್ಯೇನಮ್ಮಿ? ನಮ್ ಮೇಡಮ್ನೋರು ಕಣ್ಣಿಗ್ ಕಾಣ್ದೆ ಇರೋ ಏಳು ಲಿವರ್ ಬೀಗ ಬಿಚ್ಚವ್ರೆ! ನನ್ ಕೈಯಾಗ್ ಕಲ್ತೋರು!" ಎಂದರು.

ಹೂವಿನವಳು ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಂಗಾರೆ ನಮ್ಮನೆ ಬೀರು ಬೀಗ ತೆಗ್ದುಕೊಡ್ತೀರಾ? ಕೀ ಕಳ್ದು ಆರ್ ತಿಂಗ್ಳಾಯ್ತು. ಈ ಯಪ್ಪನ್ನ ಕರುದ್ರೆ ನಾಳೆ ನಾಡಿದ್ದು ಅಂತಾನೆ."

ಯಜಮಾನರ ಮುಖ ನೋಡಿದೆ. ಅವರು ಮೀಸೆಯೊಳಗೆ ನಗುತ್ತ, "ಓಗ್ಬನ್ನಿ," ಎಂದರು. ನಾನು ಚೀಲದಿಂದ ಕಡ್ಡಿಗಳನ್ನು ತೆಗೆದುಕೊಂಡು ಅವಳ ಹಿಂದೆ ಹೊರಟೆ. ನನ್ನ ಬಸ್ಸು ಹೋದದ್ದನ್ನು ನೋಡಿದೆ, ಕೈ ಅಡ್ಡ ಹಾಕಲಿಲ್ಲ.